ಮೊದಲ ಟಾರ್ಚ್, ಸರಿಯಾದ ಸೆಲ್

ಪ್ರಶ್ನೆ: ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್ ಹಾಕಲು ತೋಟಕ್ಕೆ ಹೋಗುತ್ತೇನೆ. ಜೇಬಿನಲ್ಲಿಡುವ ಒಳ್ಳೆಯ ಟಾರ್ಚ್ ಹೇಗಿರಬೇಕು? ಯಾವ ಸೆಲ್ ಹಾಕಲಿ?

ಉತ್ತರ: ಒಂದೇ ಎಎ ಸೆಲ್ ಹಿಡಿಸುವ, ಅಲ್ಯೂಮಿನಿಯಂ ಮೈಯ ಎಲ್‌ಇಡಿ ಟಾರ್ಚ್ ಕೊಳ್ಳಿ. ಕಾಲುದಾರಿಯಲ್ಲಿ ಹಾವು, ಗುಂಡಿ ಕಾಣಲು 100 ಲ್ಯೂಮೆನ್ ಬೆಳಕು ಸಾಕು. ಬೆಳಕು ತಗ್ಗಿಸುವ ಹಂತವೂ ಇದ್ದರೆ ಸೆಲ್ ಹೆಚ್ಚು ಹೊತ್ತು ಬಾಳುತ್ತದೆ. ಐಪಿಎಕ್ಸ್7 ಗುರುತಿರಲಿ, ಅಂಥದ್ದು ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ.

ಆಲ್ಕಲೈನ್ ಸೆಲ್ಲನ್ನು ಒಳಗೇ ಮರೆತರೆ ಸೋರಿ ಟಾರ್ಚನ್ನೇ ಕೆಡಿಸಬಹುದು. ಅದರ ಬದಲು ರೀಚಾರ್ಜ್ ಮಾಡಬಹುದಾದ, ಇಟ್ಟಲ್ಲೇ ಬೇಗ ಚಾರ್ಜ್ ಇಳಿಯದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ತನ್ನಿ. ನೂರಾರು ಸಲ ಬಳಸಬಹುದು.

ಒಂದು ಎಚ್ಚರ: ಅದೇ ಗಾತ್ರದ 14500 ಲಿಥಿಯಂ ಸೆಲ್ 3.7 ವೋಲ್ಟ್‌ನದು. ಟಾರ್ಚಿನ ಕೈಪಿಡಿ ಒಪ್ಪದಿದ್ದರೆ ಹಾಕಲೇಬೇಡಿ. ಹೆಚ್ಚು ಬೆಳಕು ಬೇಕೆಂದು ಮುಂದೆ 18650 ಸೆಲ್ಲಿನ ಟಾರ್ಚ್ ಕೊಂಡರೆ, 9,900 ಎಂಎಎಚ್ ಎಂದು ಬರೆದ ಅಗ್ಗದ ಸೆಲ್ ನಂಬಬೇಡಿ. ಆ ಗಾತ್ರದಲ್ಲಿ ಅಷ್ಟು ಶಕ್ತಿ ಹಿಡಿಸುವುದಿಲ್ಲ. ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆಯ ಜೊತೆ ಜೇಬಿಗೆ ಹಾಕದೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಿರಿ.