ದೂರವಿದ್ದೂ ಕೂಡಿ ದುಡಿಯುವ ಬಗೆ

ಕೂಡಿ ದುಡಿಯುವವರು ಒಂದೇ ಸೂರಿನಡಿಯಲ್ಲಿ ಇರಲೇಬೇಕೆ? ಈ ಪ್ರಶ್ನೆಗೆ ಒಂದು ನಿದರ್ಶನವೇ ಉತ್ತರವೀಯುತ್ತದೆ.

ಮಂಗಳಗ್ರಹದ ಮೇಲೆ 2012ರಲ್ಲಿ ಇಳಿದ 'ಕ್ಯೂರಿಯಾಸಿಟಿ' ಎಂಬ ಯಂತ್ರವಾಹನವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾ ಸಂಸ್ಥೆಯ ಪ್ರಯೋಗಶಾಲೆಯೊಂದು ನಡೆಸುತ್ತದೆ. ತಪ್ಪು ಆಜ್ಞೆ ಹೋದರೆ ಅಲ್ಲಿ ತಿದ್ದಲು ಯಾರೂ ಇಲ್ಲ. 2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಆ ತಂಡದವರು ಮನೆಗಳಲ್ಲಿಯೇ ಉಳಿಯಬೇಕಾಯಿತು. ಮಾರ್ಚ್ 20ರಂದು ಅವರಲ್ಲಿ ಒಬ್ಬರೂ ಪ್ರಯೋಗಶಾಲೆಯಲ್ಲಿರಲಿಲ್ಲ. ಆದರೂ ಆಜ್ಞೆಗಳು ಸಿದ್ಧವಾದವು. ಎರಡು ದಿನಗಳ ತರುವಾಯ ಯಂತ್ರವು ಬಂಡೆಯನ್ನು ಕೊರೆದು ಮಾದರಿಯನ್ನು ತೆಗೆಯಿತು.

ಇದು ಸಾಧ್ಯವಾದುದು ಮೂರು ಗುಣಗಳಿಂದ. ಮೊದಲನೆಯದು ಪೂರ್ವಸಿದ್ಧತೆ: ಒಂದು ದಿನದ ಕಾರ್ಯವನ್ನು ಅವರು ಮುಂಚೆಯೇ ಮನೆಯಿಂದ ಅಭ್ಯಾಸಮಾಡಿದ್ದರು. ಎರಡನೆಯದು ಹೊಂದಾಣಿಕೆ: ವಿಶೇಷ ಉಪಕರಣವು ಮನೆಯಲ್ಲಿ ನಡೆಯದಿರಲು, ಕೆಂಪು-ನೀಲಿ ಗಾಜಿನ ಸಾದಾ ಕನ್ನಡಕದಿಂದಲೇ ಚಿತ್ರಗಳನ್ನು ಪರೀಕ್ಷಿಸಿದರು. ಮೂರನೆಯದು ಸ್ಪಷ್ಟವಾದ ಸಂವಾದ: ಎಲ್ಲರೂ ಪರಸ್ಪರ ಸರಿಯಾಗಿ ಅರ್ಥಮಾಡಿಕೊಂಡರೆಂಬುದನ್ನು ಶ್ರಮವಹಿಸಿ ನಿಶ್ಚಯಿಸಿಕೊಂಡರು. ಇದಕ್ಕೆ ದಿನವೂ ಒಂದೆರಡು ಗಂಟೆ ಹೆಚ್ಚು ಹಿಡಿಯಿತು.

ಆದರೆ ಒಂದನ್ನು ಮರೆಯಲಾಗದು. ಇದರ ಹಿಂದೆ ಏಳು ವರ್ಷಗಳ ಒಡನಾಟವಿತ್ತು. ಹತ್ತಿರವಿದ್ದಾಗ ಕೂಡಿಟ್ಟ ವಿಶ್ವಾಸವೇ ದೂರವಾದಾಗ ಕೈಹಿಡಿಯಿತು.

ಇಂದು ನಮ್ಮ ಮನೆಗಳಲ್ಲಿಯೂ ಮಕ್ಕಳು ದೂರದ ಕಚೇರಿಯ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುತ್ತಿರುವರು. ಅವರಿಗೆ ಹೇಳತಕ್ಕುದು ಇಷ್ಟೆ: ಜತೆಗಾರರನ್ನು ಆಗಾಗ ಮುಖತಃ ಕಾಣಿರಿ, ದೂರವಿದ್ದಾಗ ಸಂಶಯವನ್ನು ಮನಸ್ಸಿನಲ್ಲಿಡದೆ ಕೇಳಿರಿ. ಮೌನವನ್ನು ಸಮ್ಮತಿಯೆಂದು ಬಗೆದಲ್ಲಿ ಕಾರ್ಯವು ಕೆಡುವುದು, ಸ್ನೇಹವೂ ಕೆಡುವುದು.