ಲೋಂಡಾದಿಂದ ಎಲ್ಲವನ್ನೂ ತೆಗೆದರೆ ಏನು ಉಳಿಯುತ್ತದೆ?

ಲೋಂಡಾ ಜಂಕ್ಷನ್ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಬೆಳಗಾವಿ ಕಡೆಯ ಹಳಿ, ಧಾರವಾಡ-ಹುಬ್ಬಳ್ಳಿ ಕಡೆಯ ಹಳಿ, ಕ್ಯಾಸಲ್ ರಾಕ್ ದಾಟಿ ಗೋವಾಕ್ಕೆ ಇಳಿಯುವ ಹಳಿ, ಮೂರೂ ಅಲ್ಲಿ ಸೇರುತ್ತವೆ. ಈಗ ಮನಸ್ಸಿನಲ್ಲೇ ಒಂದು ಪ್ರಯೋಗ ಮಾಡೋಣ. ಮೊದಲು ರೈಲುಗಳನ್ನು ತೆಗೆಯಿರಿ. ಆಮೇಲೆ ಹಳಿ, ಪ್ಲಾಟ್‌ಫಾರ್ಮ್, ಗಡಿಯಾರ, ಸುತ್ತಲಿನ ಕಾಡು. ಆಮೇಲೆ ಭೂಮಿ, ಸೂರ್ಯ, ನಕ್ಷತ್ರ, ಕೊನೆಗೆ ಬೆಳಕು ಕೂಡ. ಒಂದು ಪರಮಾಣುವೂ ಉಳಿದಿಲ್ಲ. ಲೋಂಡಾ ಇದ್ದ ‘ಜಾಗ’ ಉಳಿಯಿತೇ? ಅಲ್ಲಿ ‘ಹೊತ್ತು’ ಹೋಗುತ್ತದೆಯೇ?

ಉಳಿಯೋದಿಲ್ಲ ಅನ್ನೋದು ಒಂದು ಪಕ್ಷ. ನ್ಯೂಟನ್ ಪರ ನಿಂತಿದ್ದ ಸ್ಯಾಮುಯೆಲ್ ಕ್ಲಾರ್ಕ್ ಜೊತೆ 1715-16ರಲ್ಲಿ ನಡೆದ ಪತ್ರವಾದದಲ್ಲಿ ಲೈಬ್ನಿಟ್ಸ್ ಹೇಳಿದ್ದು ಇದನ್ನೇ. ದೇಶ (ಅಂದರೆ ಸ್ಪೇಸ್) ಎನ್ನುವುದು ಒಟ್ಟಿಗೆ ಇರುವ ವಸ್ತುಗಳ ನಡುವಿನ ಕ್ರಮ. ಕಾಲ ಎನ್ನುವುದು ಒಂದಾದ ಮೇಲೊಂದು ಆಗುವ ಘಟನೆಗಳ ಕ್ರಮ. ವಸ್ತುವೇ ಇಲ್ಲದಿದ್ದರೆ ಕ್ರಮ ಯಾವುದರದ್ದು?

ಲೋಂಡಾದ ಗಡಿಯಾರವೂ ಇದಕ್ಕೆ ಸಾಕ್ಷಿ ಹೇಳುವಂತಿದೆ. ಅದು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ, 1906ರ ಜನವರಿ 1ರಿಂದ ಜಾರಿಗೆ ಬಂದ ಏರ್ಪಾಡು. ಲೋಂಡಾ ಇರುವುದು ಸುಮಾರು 74.5 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ಅಲ್ಲಿ ನಿಜವಾದ ನಡುಮಧ್ಯಾಹ್ನ ಆಗುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 32 ನಿಮಿಷ. ‘ಹನ್ನೆರಡು ಗಂಟೆ’ ಅನ್ನೋದು ಭೂಮಿ-ಸೂರ್ಯರ ಸಂಬಂಧಕ್ಕೆ ನಾವು ಅಂಟಿಸಿದ ಚೀಟಿ, ಅಷ್ಟೆ.

ಆದರೆ ಚೀಟಿ ನಮ್ಮದು ಅಂದ ಮಾತ್ರಕ್ಕೆ ಡಬ್ಬಿಯೂ ನಮ್ಮ ಕಲ್ಪನೆ ಆಗಿಬಿಡುತ್ತಾ? ಇನ್ನೊಂದು ಪಕ್ಷ ಕೇಳುವುದು ಇದನ್ನೇ. ನಮ್ಮ ವೈಶೇಷಿಕರು ಎಣಿಸಿದ ಒಂಬತ್ತು ದ್ರವ್ಯಗಳಲ್ಲಿ ದಿಕ್ಕು ಮತ್ತು ಕಾಲಕ್ಕೆ ಪ್ರತ್ಯೇಕ ಸ್ಥಾನವಿದೆ. ಜೈನರ ಉತ್ತರ ಇನ್ನೂ ಸೂಕ್ಷ್ಮ. ಲೋಂಡಾ ಇರುವ ಖಾನಾಪುರ ತಾಲೂಕಿನಲ್ಲೇ ಹಲಸಿ ಇದೆ. ಹಿಂದೆ ಪಲಾಶಿಕಾ ಎನಿಸಿದ್ದ ಆ ಊರಿನಲ್ಲಿ ಕದಂಬರ ದೊರೆ ಮೃಗೇಶವರ್ಮ ಜಿನಾಲಯ ಕಟ್ಟಿಸಿದ್ದನ್ನು ತಾಮ್ರಶಾಸನ ಹೇಳುತ್ತದೆ. ಆ ಜೈನ ದರ್ಶನದ ಪ್ರಕಾರ ಜೀವ, ಪುದ್ಗಲ ಎಲ್ಲ ಇರುವುದು ಲೋಕಾಕಾಶದಲ್ಲಿ. ಅದರಾಚೆ ಕೊನೆಯಿಲ್ಲದ ಅಲೋಕಾಕಾಶ. ಅಲ್ಲಿ ಬರೀ ಜಾಗ, ಬೇರೇನೂ ಇಲ್ಲ. ದಿಗಂಬರ ಪಂಥದಂತೆ ಕಾಲದ ಅಣುಗಳು ಇರುವುದು ಮಾತ್ರ ಲೋಕದೊಳಗೇ. ಅಂದರೆ ದೇಶಕ್ಕೊಂದು ಉತ್ತರ, ಕಾಲಕ್ಕೆ ಇನ್ನೊಂದು!

ಇನ್ನು ಭೌತವಿಜ್ಞಾನ. ವಸ್ತುವಿಲ್ಲದೆ ದೇಶ-ಕಾಲಕ್ಕೆ ಅರ್ಥವಿರಬಾರದು ಎಂಬುದು ಮೊದಮೊದಲು ಐನ್‌ಸ್ಟೈನ್ ಅವರದೂ ಆಸೆ. ಅವರ 1915ರ ಸಮೀಕರಣದಲ್ಲಿ ಎಡಗಡೆ ದೇಶ-ಕಾಲದ ಬಾಗು, ಬಲಗಡೆ ವಸ್ತು ಮತ್ತು ಶಕ್ತಿ. ಆದರೆ ಕಾಸ್ಮಲಾಜಿಕಲ್ ಕಾನ್‌ಸ್ಟಂಟ್ ಸೇರಿಸಿದ ಅದೇ ಸಮೀಕರಣಕ್ಕೆ 1917ರಲ್ಲಿ ಡಿ ಸಿಟರ್ ವಸ್ತುವೇ ಇಲ್ಲದ ವಿಶ್ವವೊಂದನ್ನು ಪರಿಹಾರವಾಗಿ ತೋರಿಸಿಬಿಟ್ಟರು. ಇದು ನಮಗೆ ತೀರಾ ಹೊಸದೇನಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿ ಚಾರ್ಜ್, ಕರೆಂಟ್ ಎರಡನ್ನೂ ಸೊನ್ನೆ ಮಾಡಿದರೂ ತರಂಗ ಸಿಗುತ್ತದಲ್ಲ, ಹಾಗೇ. ಇಲ್ಲೂ ಬಲಗಡೆ ಸೊನ್ನೆ ಇಟ್ಟ ಮಾತ್ರಕ್ಕೆ ಬಾಗು ಪೂರ್ತಿ ಮಾಯವಾಗಬೇಕೆಂದಿಲ್ಲ.

ಈ ‘ಖಾಲಿ’ಗೆ ದನಿಯೂ ಇದೆ ಎಂದು ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಯ ಹೊರಗಿನ ದೇಶ-ಕಾಲ ಸಮೀಕರಣದ ದೃಷ್ಟಿಯಲ್ಲಿ ಖಾಲಿಯೇ. ಅದರ ಮೇಲೆ ಅಲೆಯೊಂದನ್ನು ಹಾಯಿಸಿದರೆ, ಹೊಡೆದ ಗಂಟೆಯ ಹಾಗೆ ತನ್ನದೇ ಆವರ್ತನದಲ್ಲಿ ಮಿಡಿದು ತಣ್ಣಗಾಗುತ್ತದೆ ಎಂದು 1970ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈಬ್ರೇಷನ್ ಪಾಠದ ಡ್ಯಾಂಪ್ಡ್ ಆಸಿಲೇಷನ್ ನೆನಪಿದೆಯಲ್ವಾ? ಅದೇ ಆಕಾರ, ಆದರೆ ಮಿಡಿಯುವುದು ಸ್ಪ್ರಿಂಗ್ ಅಲ್ಲ, ದೇಶ-ಕಾಲ. 2015ರ ಸೆಪ್ಟೆಂಬರ್ 14ರಂದು ಲೈಗೋ ಮೊದಲ ಬಾರಿ ಗುರುತ್ವದ ಅಲೆ ಹಿಡಿಯಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿ, ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಯಾಗಿ ಹೊರಟಿತ್ತು. ಆ ಸಂಕೇತದ ಕೊನೆಯ ಭಾಗ ಈ ಮಿಡಿತಕ್ಕೆ ಹೊಂದುತ್ತಿತ್ತು. ಅಲೆಯಾಗಿ ಶಕ್ತಿ ಹೊರುವ ದೇಶ-ಕಾಲವನ್ನು ಬರೀ ಹೆಸರು ಎನ್ನುವುದು ಕಷ್ಟ.

ಹಾಗಾದರೆ ಲೈಬ್ನಿಟ್ಸ್ ಸೋತರೇ? ಪೂರ್ತಿ ಇಲ್ಲ. ಆ ಅಲೆಯನ್ನು ಹಿಡಿದದ್ದು 4 ಕಿಲೋಮೀಟರ್ ಉದ್ದದ ತೋಳುಗಳ ತುದಿಯಲ್ಲಿ ತೂಗುಬಿಟ್ಟ 40 ಕಿಲೋ ತೂಕದ ಕನ್ನಡಿಗಳು. ಅಂದರೆ ವಸ್ತುವೇ. ನಮ್ಮ ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿನ ವಿಕಿರಣದ 9,19,26,31,770 ಆವರ್ತನೆಗಳು. ಆ ಸೆಕೆಂಡಿನಿಂದಲೇ ಮೀಟರ್ ಹುಟ್ಟುತ್ತದೆ. ಬೆಳಕಿನ ಕಣಕ್ಕೆ ತನ್ನದೇ ಆದ ಗಡಿಯಾರವಿಲ್ಲ. ದ್ರವ್ಯರಾಶಿ ಇರುವ ಏನಾದರೂ ಇಲ್ಲದಿದ್ದರೆ ಹೊತ್ತು ಎಣಿಸುವವರು ಯಾರು?

ಆದ್ದರಿಂದ ನಾವು ಬೇರ್ಪಡಿಸಬೇಕಾದದ್ದು ಎರಡು ಪ್ರಶ್ನೆ. ವಸ್ತುವಿಲ್ಲದೆ ದೇಶ-ಕಾಲ ಇರಬಹುದೇ? ಇರಬಹುದು ಎನ್ನುತ್ತದೆ ಇವತ್ತಿನ ಸಮೀಕರಣ. ವಸ್ತುವಿಲ್ಲದೆ ಅದನ್ನು ಅಳೆಯಬಹುದೇ? ಆಗದು. ಮೊದಲ ಉತ್ತರ ಸಮೀಕರಣದ ಮೇಲಿನ ಭರವಸೆಯಿಂದ ಬಂದದ್ದು, ಎರಡನೆಯದು ಲ್ಯಾಬಿನಿಂದ. ಪೂರ್ತಿ ಖಾಲಿಯಾದ ವಿಶ್ವಕ್ಕೆ ಹೋಗಿ ಪರೀಕ್ಷೆ ಮಾಡಿ ಬರುವ ದಾರಿ ಇಲ್ಲ. ಹೋದವರೇ ಅಲ್ಲಿ ವಸ್ತುವಾಗಿಬಿಡುತ್ತಾರೆ. ಗ್ರಾಫ್ ಹಾಳೆಯಲ್ಲಿ ಏನೂ ಯೋಚಿಸದೆ ‘ಟೈಮ್’ ಅಂತ ಅಡ್ಡಗೆರೆ ಎಳೆಯುವ ನಾವು, ಯಾವ ಉತ್ತರವನ್ನು ಒಪ್ಪಿಕೊಂಡು ಆ ಗೆರೆ ಎಳೆದೆವು ಅಂತ ಒಮ್ಮೆ ಕೇಳಿಕೊಳ್ಳೋಣ.