ಮುಂದಲೆ ಬಿಚ್ಚಿದರೂ ಬಿಡದ ತಲೆನೋವು

31 ತಿರುಗಾಟ ಮಾಡಿದ ಯಕ್ಷಗಾನ ವೇಷಧಾರಿ ನಾನು. ನವೆಂಬರಿನಲ್ಲಿ ಕಟ್ಟಿದ ಗೆಜ್ಜೆ ಬಿಚ್ಚುತ್ತಿದ್ದದ್ದು ಮೇ ತಿಂಗಳ ಕೊನೆಗೆ. ಅಷ್ಟೂ ದಿನ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಗದ್ದೆಬಯಲುಗಳಲ್ಲಿ ರಾತ್ರಿ ಎಚ್ಚರ, ಹಗಲು ಬಿಡಾರದಲ್ಲಿ ನಿದ್ದೆ. ಮಂದಾರ್ತಿ ಕ್ಷೇತ್ರಕ್ಕೆ ಐದು ಮೇಳವಿದ್ದರೂ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾಯುವ ಸೀಮೆ ಇದು, ಆಟಕ್ಕೆ ಬರವಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ತಲೆನೋವಿಗೂ ಬರವಿರಲಿಲ್ಲ. ಯಾರು ಹಣೆ ಒತ್ತಿಕೊಂಡು ಕೂತರೂ "ನಿದ್ದೆಗೆಟ್ಟದ್ದು ಮರ್ರೆ" ಎಂದು ಮಾತು ಮುಗಿಸುತ್ತಿದ್ದೆವು. ನಾನೂ ಹಾಗೇ ಮುಗಿಸಿ ಇಪ್ಪತ್ತು ವರ್ಷ ಹಾಳು ಮಾಡಿಕೊಂಡೆ. ಈಗ ಮೇಳದ ಹುಡುಗರು ಮನೆಗೆ ಬಂದು ಕೇಳಿದರೆ ಹೇಳುವುದು ಇಷ್ಟು.

1. ನೋವು ಬಂದ ಹೊತ್ತು ಬರೆದಿಡಿ, ಹೋದ ಹೊತ್ತನ್ನೂ ಬರೆದಿಡಿ.

ಅರ್ಥ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆಗಳು ಸಾಕು. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ನೋವು ಒಂದು ಬದಿಗೋ ಇಡೀ ತಲೆಗೋ, ಯಾವಾಗ ಇಳಿಯಿತು. ಒಂದು ತಿಂಗಳು ಬರೆದ ಮೇಲೆ ಗೊತ್ತಾಯಿತು: ನನಗಿದ್ದದ್ದು ಒಂದು ತಲೆನೋವಲ್ಲ, ನಾಲ್ಕು.

2. ಮೊದಲನೆಯದು ಮುಂದಲೆಯದು.

ಬಡಗಿನ ಕೇದಗೆ ಮುಂದಲೆ ಸಿದ್ಧ ಟೊಪ್ಪಿಯಲ್ಲ. ಅಟ್ಟೆ ಇಟ್ಟು, ಬಟ್ಟೆ ಸುತ್ತಿ, ದಾರ ಬಿಗಿದು ದಿನವೂ ತಲೆಯ ಮೇಲೆಯೇ ಕಟ್ಟಬೇಕು. ಅಭಿಮನ್ಯು ಚಕ್ರವ್ಯೂಹದ ನಡುವೆ ಮುಂದಲೆ ಜಾರಿಸಿಕೊಂಡರೆ ಮರ್ಯಾದೆ ಹೋಯಿತು, ಹಾಗಾಗಿ ಎಲ್ಲರೂ ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಗಿಯುತ್ತಾರೆ. ಬಿಚ್ಚಿದಾಗ ಹಣೆಯ ಬಣ್ಣದ ನಡುವೆ ದಾರದ ಗೆರೆ ಬೆರಳಿಗೆ ಸಿಗುವಷ್ಟು ಆಳಕ್ಕೆ ಇಳಿದಿರುತ್ತದೆ. ಹೆಲ್ಮೆಟ್ಟಿನಿಂದ ಬರುವ ತಲೆನೋವಿನ ಜಾತಿಯೇ ಇದು. ವೈದ್ಯಶಾಸ್ತ್ರದ ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಹೆಸರಿದೆ, ಗುರುತೂ ಇದೆ: ಒತ್ತಡ ತೆಗೆದ ಒಂದು ಗಂಟೆಯೊಳಗೆ ನೋವು ಹೋಗಬೇಕು. ಹೋದರೆ ಅದಕ್ಕೆ ಮಾತ್ರೆ ಬೇಡ, ದಾರದ ಕೆಳಗೆ ಮೆತ್ತನೆಯ ಹತ್ತಿಬಟ್ಟೆಯ ಇನ್ನೊಂದು ಮಡಿಕೆ ಸಾಕು. ಮಧ್ಯಾಹ್ನದವರೆಗೂ ಉಳಿಯಿತೆಂದರೆ ಮುಂದಲೆಯ ಮೇಲೆ ಅಪವಾದ ಹೊರಿಸಬೇಡಿ.

3. ನೀರು ಕುಡಿಯದೆ ಇರುವುದು ಶಿಸ್ತಲ್ಲ.

ಹೇಳಲು ನಾಚಿಕೆಯ ವಿಷಯ, ಆದರೆ ಹೇಳಬೇಕು. ವೇಷ ಕಟ್ಟಿದ ಮೇಲೆ ಮೂತ್ರಕ್ಕೆ ಹೋಗುವುದು ದೊಡ್ಡ ರಗಳೆ. ಅದಕ್ಕೆ ಹೆದರಿ ಸಂಜೆಯಿಂದಲೇ ನೀರು ಬಿಡುತ್ತೇವೆ. ಏಪ್ರಿಲ್ ತಿಂಗಳ ಸೆಕೆ, ಮೈಮೇಲೆ ಅಷ್ಟು ಬಟ್ಟೆ, ಅದರೊಳಗೆ ಕುಣಿತ. ಒಳಗಿನ ಅಂಗಿ ಹಿಂಡಿದರೆ ಬೆವರು ಸುರಿಯುತ್ತದೆ. ಬೆಳಿಗ್ಗೆ ತಲೆ ಸಿಡಿಯದೆ ಇನ್ನೇನು? ಪಾತ್ರ ಮುಗಿಸಿ ಬಂದವನೇ ನೀರು, ಬಿಡಾರಕ್ಕೆ ಹೋಗಿ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಆಮೇಲೆ ಮಲಗುವುದು. ಹೀಗೆ ಮಾಡಿದ್ದರಲ್ಲಿ ನನ್ನ ಎರಡನೆಯ ತಲೆನೋವು ಅರ್ಧಕ್ಕರ್ಧ ಇಳಿಯಿತು.

4. ಚೌಕಿಯ ಚಾ ಸಾಲ ಕೊಡುತ್ತದೆ, ಬಡ್ಡಿ ಸಮೇತ ವಸೂಲಿಯೂ ಮಾಡುತ್ತದೆ.

ರಾತ್ರಿ ಕುಡಿದದ್ದರಲ್ಲಿ ಅರ್ಧ ಕೆಫೀನು ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಮೂರು ಗಂಟೆಗೆ ಎರಡು ಲೋಟ ಕಟ್ಟಾ ಚಾ ಹೀರಿ ಏಳಕ್ಕೆ ಮಲಗಿದರೆ ಕಣ್ಣು ಮುಚ್ಚುತ್ತದೆ, ನಿದ್ದೆ ಆಳಕ್ಕೆ ಇಳಿಯುವುದಿಲ್ಲ. ರಜೆಯಲ್ಲಿ ಮನೆಗೆ ಬಂದು ಚಾ ಕಡಿಮೆಯಾದರೆ ಮರುದಿನವೇ ಇನ್ನೊಂದು ತಲೆನೋವು. ನನಗೆ ಊರಿನ ಗಾಳಿಯೇ ಆಗುವುದಿಲ್ಲ ಎಂದು ಅಮ್ಮ ನಂಬಿದ್ದರು. ಒಮ್ಮೆಲೇ ಬಿಡಬೇಡಿ, ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ನಡುರಾತ್ರಿಯ ಮೇಲಿನದ್ದನ್ನು ಮೊದಲು ಬಿಡಿ.

5. ಹಗಲನ್ನು ಕತ್ತಲು ಮಾಡಿಕೊಳ್ಳಿ.

ಮೈಯೊಳಗಿನ ಗಡಿಯಾರ ಬೆಳಕು ನೋಡಿ ನಡೆಯುತ್ತದೆ. ಆ ಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಹಿರಿಯ ಭಾಗವತರು ಅದಕ್ಕೂ ಎಷ್ಟೋ ಮೊದಲೇ ಬೆಳಗಿನ ಮಂಗಳ ಮುಗಿದೊಡನೆ ಬೈರಾಸನ್ನು ಮುಖದ ಮೇಲೆ ಎಳೆದುಕೊಂಡು ವ್ಯಾನಿನಲ್ಲಿ ಕೂರುತ್ತಿದ್ದರು. ನಡುರಾತ್ರಿಗೇ ಆಟ ಮುಗಿಸುವ ಕಾಲಮಿತಿ ಬಂದ ಮೇಲೆ ಹುಡುಗರು ಒಂದು ಗಂಟೆಗೇ ಮನೆ ಸೇರುತ್ತಾರೆ, ಆದರೂ ನಾಲ್ಕರವರೆಗೆ ಮೊಬೈಲಿನಲ್ಲಿ ತಮ್ಮದೇ ಪದ್ಯದ ವಿಡಿಯೊ ನೋಡುತ್ತಾರೆ. ಅವರ ತಲೆನೋವಿಗೆ ನನ್ನಲ್ಲಿ ಮದ್ದಿಲ್ಲ.

6. ಬಣ್ಣದ ಪೆಟ್ಟಿಗೆಯಲ್ಲಿ ಮಾತ್ರೆಯ ಪಟ್ಟಿ ಇಡಬೇಡಿ.

ಅರದಾಳ, ಇಂಗಳೀಕ, ಪಕ್ಕದಲ್ಲಿ ನೋವಿನ ಮಾತ್ರೆ. ನನ್ನ ಪೆಟ್ಟಿಗೆ ಹಾಗಿತ್ತು. ಮುಖಕ್ಕೆ ಬಣ್ಣ ಹಚ್ಚುವ ಮೊದಲು ಒಂದು, ತೊಳೆದ ಮೇಲೆ ಒಂದು. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ಬೇರೆ ಮದ್ದು ಬೆರೆಸಿದ ಮಾತ್ರೆಯಾದರೆ 10 ದಿನವೇ ಸಾಕು. ಬಿಟ್ಟ ಮೊದಲ ವಾರ ನರಕ. ಮೇಳಕ್ಕೆ ರಜೆಯಿರುವ ಮಳೆಗಾಲದಲ್ಲಿ, ಡಾಕ್ಟರನ್ನು ಕೇಳಿಯೇ ಬಿಡಿ. ನಾನು ಬಿಟ್ಟದ್ದು ಜೂನ್ ತಿಂಗಳಲ್ಲಿ. ಹತ್ತನೆಯ ದಿನ ಎದ್ದಾಗ ತಲೆ ಹಗುರವಾಗಿತ್ತು.

7. ಕೆಲವು ತಲೆನೋವಿಗೆ ಪುಸ್ತಕ, ಲೆಕ್ಕ ಯಾವುದೂ ಬೇಡ.

ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಜ್ವರದೊಂದಿಗೆ ಕುತ್ತಿಗೆ ಸೆಟೆದದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, ದಿನವೂ ಬೆಳಿಗ್ಗೆ ವಾಂತಿಯೊಂದಿಗೆ ಏರುತ್ತಾ ಹೋಗುವುದು. ಇವಕ್ಕೆ ಆಸ್ಪತ್ರೆಯೇ, ಆ ದಿನವೇ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತೋರಿಸದೆ ಬಿಡಬೇಡಿ.

8. ಗೊರಕೆಗೆ ನಗಬೇಡಿ.

ತಿರುಗಾಟ ಬಿಟ್ಟು ಮನೆಯಲ್ಲಿ ಕೂತೆ. ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಏಳುವ ಭಾಗ್ಯ. ಕುಣಿತ ನಿಂತು ಹನ್ನೆರಡು ಕಿಲೋ ಏರಿದೆ, ಅಂಗಿಯ ಕತ್ತಿನ ಗುಬ್ಬಿ ಹಾಕಲಾಗದಾಯಿತು. ಆಶ್ಚರ್ಯವೆಂದರೆ, ಎಂಟು ಗಂಟೆ ಮಲಗಿದರೂ ಏಳುವಾಗ ಎರಡೂ ಕಡೆ ತಲೆ ಅದುಮಿ ಹಿಡಿದ ಹಾಗೆ, ಬಾಯಿ ಒಣಗಿ ಮರಳು. ಹತ್ತು ಗಂಟೆಗೆಲ್ಲ ನೋವು ತಾನಾಗಿ ಇಳಿಯುತ್ತಿತ್ತು. ತಾಳಮದ್ದಳೆಯಲ್ಲಿ ಎದುರಿನವರ ಅರ್ಥ ಮುಗಿಯುವ ಮೊದಲೇ ನನಗೆ ತೂಕಡಿಕೆ.

ಕುಂದಾಪುರದ ಡಾಕ್ಟರು ಪುಸ್ತಕ ನೋಡಿ "ಗೊರಕೆ ಉಂಟಾ?" ಎಂದರು. ಇಲ್ಲ ಎನ್ನುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿದಳು: "ಉಸ್ರೇ ನಿಂತ್ ಹೋತ್ ಡಾಕ್ಟ್ರೆ. ನಾನೇ ಅಲ್ಲಾಡ್ಸಿ ಎಬ್ಸ್ತೆ." ಚೌಕಿಯಲ್ಲಿ ನನ್ನ ಗೊರಕೆಗೆ ಮದ್ದಳೆಯವರು ತಾಳ ಹಾಕಿ ನಗಿಸುತ್ತಿದ್ದದ್ದು ನೆನಪಾಯಿತು.

ತಲೆ, ಎದೆ, ಬೆರಳಿಗೆಲ್ಲ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಹತ್ತು ಸೆಕೆಂಡಾದರೂ ಉಸಿರು ಕಟ್ಟಿದರೆ ಅಥವಾ ಕುಗ್ಗಿದರೆ ಲೆಕ್ಕಕ್ಕೆ ಬರುತ್ತದಂತೆ. ಗಂಟೆಗೆ 30 ದಾಟಿದರೆ ತೀವ್ರ. ನನ್ನದು 34. ನಿದ್ದೆಗೆಟ್ಟ ಕಾಲದಲ್ಲೂ ಅಷ್ಟು ಸಲ ನನ್ನನ್ನು ಯಾರೂ ಎಬ್ಬಿಸಿರಲಿಲ್ಲ.

ಮೂಗಿಗೆ ಕಟ್ಟಿಕೊಂಡು ಗಾಳಿ ಹಾಯಿಸುವ ಯಂತ್ರ ಬಂತು, 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವಾನ್ ಎಂಬ ವೈದ್ಯರು ತೋರಿಸಿಕೊಟ್ಟ ಉಪಾಯ. ಮೊದಲ ವಾರ ಅದರಿಂದಲೂ ತಲೆನೋವು. ಹಳೆಯ ಅಭ್ಯಾಸ, ಪಟ್ಟಿಯನ್ನು ಮುಂದಲೆಯಂತೆ ಬಿಗಿದಿದ್ದೆ. ಸಡಿಲಿಸಿದೆ, ಹೋಯಿತು. ತೂಕ ಇಳಿಸಲು ಸಂಜೆ ಎರಡು ಮೈಲಿ ನಡಿಗೆ, ಮಲಗುವುದು ಮಗ್ಗುಲಾಗಿ. ಈಗ ಬೆಳಿಗ್ಗೆ ತಲೆಯಲ್ಲಿ ಏನೂ ಇಲ್ಲ, ಮಳೆಗಾಲದಲ್ಲಿ ಕರೆಂಟು ಕೈಕೊಟ್ಟ ರಾತ್ರಿಗಳನ್ನು ಬಿಟ್ಟರೆ. ಯಂತ್ರ ನಿಂತ ಮರುಕ್ಷಣ ಹೆಂಡತಿಗೆ ಎಚ್ಚರ. ಕತ್ತಲಲ್ಲೇ ನನ್ನ ಮೂಗಿನಿಂದ ಅದನ್ನು ಕಳಚುತ್ತಾ "ಇವತ್ತಿನ ವೇಷ ಮುಗೀತ್, ಮಗ್ಗಲಾಯಿ" ಅನ್ನುತ್ತಾಳೆ.